ಕೋಣೆಯ ಬಾಗಿಲಿಗೊಂದು ಗಾಜಿನ ಕಿಂಡಿ

ಭಯಾನಕ ರಸದ ಸ್ಥಾಯಿಭಾವ ಭಯ; ಬೆವರು, ನಡುಕ, ಮುಖ ಬಿಳಿಚುವುದು ಅದರ ಲಕ್ಷಣಗಳು. ಹುಣಸೂರಿನ ಪದವಿ ಕಾಲೇಜೊಂದರಲ್ಲಿ ಹದಿನಾರು ವರ್ಷಗಳಿಂದ ನಾನಿದನ್ನು ಯಾವ ಭಯವೂ ಇಲ್ಲದೆ ಬೋಧಿಸುತ್ತ ಬಂದಿದ್ದೆ. ಕಳೆದ ಜನವರಿಯಲ್ಲಿ ಆ ರಸ ಪಠ್ಯದಿಂದ ಎದ್ದು ನಮ್ಮ ಮನೆಗೇ ಬಂದು ಕಾಲು ಚಾಚಿ ಕುಳಿತಿತು.

ದ್ವಿತೀಯ ಪಿಯುಸಿಯಲ್ಲಿದ್ದ ಮಗಳು ಭಾವನಾ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಭೌತಶಾಸ್ತ್ರದ ಪ್ರಶ್ನೆಪತ್ರಿಕೆ ಕಂಡೊಡನೆ ಕೈ ತಣ್ಣಗಾಗಿ, ಉಸಿರು ಸಿಕ್ಕಿಕೊಂಡು, ಖಾಲಿ ಹಾಳೆ ಕೊಟ್ಟು ಎದ್ದು ಬಂದಳು. ಓದದ ಹುಡುಗಿಯಲ್ಲ, ಹಿಂದಿನ ದಿನವಷ್ಟೇ ಅದೇ ಪಾಠವನ್ನು ಗೆಳತಿಗೆ ಫೋನಿನಲ್ಲಿ ಹೇಳಿಕೊಟ್ಟಿದ್ದಳು. ಮಾರ್ಚ್ ತಿಂಗಳ ಮುಖ್ಯ ಪರೀಕ್ಷೆಯಲ್ಲೂ ಹೀಗೇ ಎದ್ದು ಬಂದರೆ?

ನಾನು ಆಧುನಿಕ ಮನೋಧರ್ಮದವನು. ತಾಯತ ಕಟ್ಟಿಸೋಣವೆಂದ ಹೆಂಡತಿ ರಾಧಾಳ ಸಲಹೆಯನ್ನು ತಳ್ಳಿಹಾಕಿ, ಮಗಳ ಮಣಿಕಟ್ಟಿಗೆ ನಾಡಿ ಅಳೆಯುವ ಬ್ಯಾಂಡ್ ಕಟ್ಟಿದೆ. ನಾಡಿ ನೂರು ದಾಟಿದರೆ ಅದು ಗುರುಗುಟ್ಟುತ್ತದೆ, ನನ್ನ ಫೋನು ಕಿರುಚುತ್ತದೆ. ಆಗ ಅವಳು ಕಣ್ಣು ಮುಚ್ಚಿ, ನಾಲ್ಕೆಣಿಸಿ ಉಸಿರೆಳೆದು, ಆರೆಣಿಸಿ ಬಿಡುತ್ತ, ಉಸಿರನ್ನಷ್ಟೇ ಗಮನಿಸಬೇಕು. ಜೊತೆಗೆ ಬೈಲಕುಪ್ಪೆಯ ಟಿಬೆಟನ್ನರ ಅಂಗಡಿಯಿಂದ ಧ್ಯಾನಕ್ಕೆ ಬಳಸುವ ಕಂಚಿನ ಬಟ್ಟಲೊಂದನ್ನು ತಂದೆ. ತಟ್ಟಿದರೆ ಗುಂಯ್ ಎಂದು ನಾದಬ್ರಹ್ಮವೇ ಇಳಿದು ಬರುತ್ತದೆ. (ತಟ್ಟುವ ಅಧಿಕಾರ ನನ್ನದು.)

"ತಾಯ್ತಕ್ಕೂ ಇದ್ಕೂ ಏನ್ರೀ ವ್ಯತ್ಯಾಸ?" ಎಂದಳು ರಾಧಾ.

"ಇದು ವಿಜ್ಞಾನ ಕಣೇ."

"ಸರಿ ಬುಡಿ. ತಾಯ್ತಕ್ಕೆ ದಿನಾ ಚಾರ್ಜ್ ಹಾಕೋ ರಗಳೆ ಇರ್ತಿರ್ನಿಲ್ಲ."

ಎರಡು ದಿನ ಎಲ್ಲವೂ ಸುಗಮವಾಗಿತ್ತು. "ಉಸಿರು ಎಣಿಸಿದ್ರೆ ನಿಜವಾಗ್ಲೂ ಇಳಿಯುತ್ತೆ ಅಪ್ಪ," ಎಂದಳು ಮಗಳು. ನನಗೋ ಅನುಮಾನ. ಅಂಕಿ ಫೋನಿನಲ್ಲೇ ಕಾಣುತ್ತಿತ್ತು, ನಿಜ. ಆದರೆ ಉಸಿರು ಬಿಡುತ್ತಿದ್ದಾಳೆಯೇ ಎಂದು ಕಣ್ಣಾರೆ ನೋಡದೆ ನಂಬುವುದು ಹೇಗೆ? ಹತ್ತು ನಿಮಿಷಕ್ಕೊಮ್ಮೆ ಬಾಗಿಲು ತೆರೆದು, "ಬಿಡ್ತಾ ಇದೀಯಾ?" ಎನ್ನತೊಡಗಿದೆ. ಎಂಬತ್ತರಲ್ಲಿದ್ದ ನಾಡಿ ನೂರನಾಲ್ಕಾಗುತ್ತಿತ್ತು. ಫೋನು ಕಿರುಚುತ್ತಿತ್ತು. ನಾನು ಬಟ್ಟಲು ಹಿಡಿದು ಓಡುತ್ತಿದ್ದೆ. ನಾಡಿ ನೂರಿಪ್ಪತ್ತಕ್ಕೇರುತ್ತಿತ್ತು.

ಆ ಭಾನುವಾರ ನನ್ನ ಮಾವ ಅಣ್ಣಯ್ಯನವರು ಹನಗೋಡಿನಿಂದ ಸೊಪ್ಪು, ತರಕಾರಿ ತಂದರು. ನಲವತ್ತು ವರ್ಷ ಬ್ಯಾರನ್ನಿನಲ್ಲಿ, ಅಂದರೆ ಬೆಂಕಿಯ ಶಾಖ ಹಾಯಿಸುವ ಮುಚ್ಚಿದ ಕೋಣೆಯಲ್ಲಿ, ಹೊಗೆಸೊಪ್ಪು ಹದಮಾಡಿದ ಕೈ ಅವರದು. ಅರ್ಧ ಗಂಟೆಯಲ್ಲಿ ನಾನು ನಾಲ್ಕು ಸಲ ಮಗಳ ಬಾಗಿಲು ತೆಗೆದದ್ದನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ.

"ಅಳಿಯಂದ್ರೇ, ಬ್ಯಾರನ್ನಾಗೆ ಸೊಪ್ಪು ಬೇಯೋವಾಗ ಇಂಗೆ ಬಾಗ್ಲು ತೆಗ್ದು ತೆಗ್ದು ನೋಡುದ್ರೆ ಶಾಖ ಎಡವಟ್ಟಾಗಿ ಸೊಪ್ಪೆಲ್ಲ ಕೆಟ್ಟೋಯ್ತದೆ. ನಾವು ಗಾಜಿನ ಕಿಂಡಿ ಮಡ್ಗಿರ್ತೀವಿ. ಈಚೆಯಿಂದ್ಲೇ ಥರ್ಮಾಮೀಟ್ರು ನೋಡ್ಕಂಡು ಸುಮ್ಕಿರ್ತೀವಿ."

ಸುಮ್ಮನಿರಿ ಎಂಬುದು ಅವರ ಉಪದೇಶದ ಸಾರ. ನಾನು ಹಿಡಿದುಕೊಂಡದ್ದು ಕಿಂಡಿಯನ್ನು.

ಮರುದಿನ ಭಾವನಾ ಕಾಲೇಜಿಗೆ ಹೋದಾಗ ಬಡಗಿ ಗೋವಿಂದಯ್ಯನನ್ನು ಕರೆಸಿದೆ. "ಓದೋ ಕೋಣೆ ಬಾಗ್ಲಿಗೆ ಕಿಂಡಿನಾ ಸಾ?" ಎಂದು ಎರಡು ಸಲ ಕೇಳಿ, ನನ್ನ ಮುಖವನ್ನೊಮ್ಮೆ ನೋಡಿ, ಬಾಗಿಲು ಕೊರೆದು ಅಂಗೈಯಗಲದ ಗಾಜು ಕೂರಿಸಿದ.

ಸಂಜೆ ಮಗಳು ಬಾಗಿಲನ್ನು ಗಮನಿಸದೆಯೇ ಒಳಹೊಕ್ಕು, ಅದಕ್ಕೆ ಬೆನ್ನು ಮಾಡಿ ಓದುತ್ತಿದ್ದಳು. ಕಿಂಡಿಗೆ ಕಣ್ಣಿಟ್ಟೆ. ಭುಜ ಏರುತ್ತಿತ್ತು, ಇಳಿಯುತ್ತಿತ್ತು. ಫೋನಿನಲ್ಲಿ ಎಪ್ಪತ್ತೊಂಬತ್ತು. ಎಂಥ ಧನ್ಯತೆ! ಅಷ್ಟರಲ್ಲಿ ಅವಳು ನೀರಿನ ಬಾಟಲಿಗೆಂದು ತಿರುಗಿದಳು. ಬೆಳಗ್ಗೆ ಬರೀ ಮರವಾಗಿದ್ದ ಬಾಗಿಲಿನಲ್ಲಿ ಈಗ ಒಂಟಿ ಕಣ್ಣೊಂದು ಪಿಳಿಪಿಳಿ ಮಿಟುಕುತ್ತಿತ್ತು.

ಅವಳ ಚೀತ್ಕಾರ ಪಿರಿಯಾಪಟ್ಟಣಕ್ಕೂ ಕೇಳಿಸಿರಬೇಕು. ನಾಡಿ ನೂರೈವತ್ತೊಂದು. ಗಾಬರಿಯಲ್ಲಿ ನಾನು ಬಟ್ಟಲು ಬಡಿದೆ. ರಾಧಾ ಸೌಟಿನೊಂದಿಗೆ ಓಡಿಬಂದಳು.

"ಮಗಳ್ನ ಓದುಸ್ತಾ ಇದೀರೋ, ಬೇಯುಸ್ತಾ ಇದೀರೋ?"

ಸುಧಾರಿಸಿಕೊಂಡ ಭಾವನಾ ಫೋನು ಕಿತ್ತುಕೊಂಡು ಇಡೀ ವಾರದ ನಾಡಿಯ ಏರಿಳಿತದ ರೇಖೆ ತೋರಿಸಿದಳು. "ಈ ಗುಡ್ಡ ನೋಡಿ, ಐದೂ ಹತ್ತು. ನೀವು ಬಂದ್ರಿ. ಐದೂ ಇಪ್ಪತ್ತು, ನೀವು. ಐದೂವರೆ, ನೀವು ಮತ್ತೆ ಬಟ್ಟಲು. ಭೌತಶಾಸ್ತ್ರದ ಗುಡ್ಡ ಯಾವ್ದು ಗೊತ್ತಾ? ಇಗೋ, ಈ ಪುಟ್ಟ ದಿಬ್ಬ."

ಕಿಂಡಿಯ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆ ಅಂಟಿತು.

ಭೌತಶಾಸ್ತ್ರದ ಮುಖ್ಯ ಪರೀಕ್ಷೆಯ ದಿನ ಬಂತು. ಬ್ಯಾಂಡ್ ಒಳಗೆ ಒಯ್ಯುವಂತಿರಲಿಲ್ಲ. ಮಗಳು ಗೇಟಿನ ಬಳಿ ಅದನ್ನು ಬಿಚ್ಚಿ ನನ್ನ ಮಣಿಕಟ್ಟಿಗೆ ಕಟ್ಟಿ, ತಿರುಗಿ ನೋಡದೆ ಹೋದಳು. ಘಂಟೆ ಹೊಡೆಯಿತು. ಕೈ ಗುರುಗುಟ್ಟಿತು, ಜೇಬು ಕಿರುಚಿತು.

"ಯಜಮಾನ್ರೇ, ನಿಮ್ ಅಲಾರಾಂ ತಗಂಡು ಆಚೆ ಓಗಿ," ಎಂದ ಕಾವಲುಗಾರ.

ರಸ್ತೆಯಾಚೆ ನಿಂತು ನಾಲ್ಕು, ಆರು ಎಣಿಸಿದೆ. ನಲವತ್ತನೆಯ ನಿಮಿಷಕ್ಕೆ ಗೇಟು ಕಿರ್ರೆಂದು, ಹಸಿರು ದುಪಟ್ಟಾದ ಹುಡುಗಿಯೊಬ್ಬಳು ಹೊರಬಂದಳು. ಭಾವನಾಳದೂ ಹಸಿರು ದುಪಟ್ಟಾ. ಅರ್ಧ ರಸ್ತೆ ದಾಟಿಬಿಟ್ಟೆ. ಅವಳು ಮುಖವೆತ್ತಿದಳು, ಬೇರೆ ಯಾರೋ. ಎಣಿಕೆ ತಪ್ಪಿ, ಉಸಿರು ಎಳೆಯುವುದೋ ಬಿಡುವುದೋ ಎಂಬುದೇ ಮರೆತುಹೋಯಿತು.

ಕೊನೆಯ ಘಂಟೆಯ ನಂತರ ಮಗಳು ಬಂದಳು. ಬೆರಳಿಗೆ ಶಾಯಿ.

"ಎಲ್ಲಾ ಬರೆದೆ ಅಪ್ಪ. ಮೊದ್ಲು ಕೈ ನಡುಗ್ತು, ಉಸಿರು ಎಣಿಸ್ದೆ. ಆಮೇಲೆ ಒಂದ್ಸಲ ತಿರುಗಿ ಬಾಗ್ಲು ನೋಡ್ದೆ. ಕಿಂಡಿ ಇರ್ನಿಲ್ಲ. ಧೈರ್ಯ ಬಂತು."

ಫಲಿತಾಂಶ ಇನ್ನೂ ಬಂದಿಲ್ಲ. ಬ್ಯಾಂಡ್ ನನ್ನ ಕೈಯಲ್ಲೇ ಉಳಿದಿದೆ, ಫೋನು ಮಗಳ ವಶದಲ್ಲಿದೆ. ದಿನಕ್ಕೆರಡು ಬಾರಿ ಆ ಕೋಣೆಯಲ್ಲಿ ಕುಳಿತು ಉಸಿರು ಎಣಿಸಬೇಕೆಂಬುದು ಮನೆಯ ತೀರ್ಮಾನ. ಇದೀಗ ಎಣಿಸುತ್ತಿದ್ದೇನೆ. ಕಿಂಡಿಯ ಕ್ಯಾಲೆಂಡರ್ ಹಾಳೆ ಕಿತ್ತುಹೋಗಿದೆ. ಅಲ್ಲಿ ನಲವತ್ತು ವರ್ಷಗಳ ಅನುಭವವಿರುವ ಒಂದು ಕಣ್ಣು ನನ್ನನ್ನೇ ನೋಡುತ್ತಿದೆ.

"ಫೋನ್ನಾಗೆ ಎಷ್ಟೈತವ್ವಾ?" ಎಂದು ಹೊರಗೆ ಮಾವನವರು ಕೇಳುತ್ತಾರೆ.

"ನೂರಾ ಹನ್ನೆರಡು ತಾತ."

"ಇನ್ನೂ ಹದಕ್ಕೆ ಬಂದಿಲ್ಲ. ಯಾರೂ ಬಾಗ್ಲು ತೆಗೀಬ್ಯಾಡಿ!"