ಅರ್ಧ ಆಯಸ್ಸು, ಒಂದು ಲೋಟ ಹಾಗಲಕಾಯಿ ರಸ

ಹಾಗಲಕಾಯಿಯನ್ನು ಸೃಷ್ಟಿಸಿದ ಬ್ರಹ್ಮನ ಮೇಲೆ ಉದಯಶಂಕರನಿಗಿದ್ದ ಸಿಟ್ಟು ಇಂದು ನಿನ್ನೆಯದಲ್ಲ. ಮದುವೆಯಾದಂದಿನಿಂದ ಹೆಂಡತಿ ಹಂಸಾ ಮಾಡಿದ ಗೊಜ್ಜಿನಿಂದ ಹೋಳುಗಳನ್ನು ಹೆಕ್ಕಿ ಹೆಕ್ಕಿ ತಟ್ಟೆಯ ಅಂಚಿಗೆ ಗಡೀಪಾರು ಮಾಡುತ್ತಾ ಬಂದ ಜೀವ ಅದು. ಅಂಥವನಿಗೆ ಆಕ್ಲೆಂಡಿನ ಕನ್ನಡ ಕೂಟದ ನಾಟಕದಲ್ಲಿ ಸಾಕ್ಷಾತ್ ಮಹಾರಾಜನ ಪಾತ್ರ ಸಿಕ್ಕಿತು.

ನಾಟಕ ಬಹಳ ಹಳೆಯದು. ರಾಣಿ ಸಾಯಲು ಬಿದ್ದಿದ್ದಾಳೆ. ಯಾರಾದರೂ ತಮ್ಮ ಅರ್ಧ ಆಯಸ್ಸನ್ನು ಧಾರೆಯೆರೆದು ಋಷಿ ಕೊಟ್ಟ ಕಹಿ ಕಷಾಯ ಕುಡಿದರೆ ಬದುಕುತ್ತಾಳೆ. ಬಂಧುಗಳು, ಮಂತ್ರಿ ಎಲ್ಲರೂ ನೆಪ ಹೇಳಿ ಜಾರಿಕೊಳ್ಳುತ್ತಾರೆ; ಕೊನೆಗೆ ರಾಜ ಗಟಗಟನೆ ಕುಡಿಯುತ್ತಾನೆ. ರಾಣಿ ಎದ್ದು, ಕುಡಿದವನ ಕೊರಳಿಗೆ ಹಾರ ಹಾಕುತ್ತಾಳೆ. ರಾಣಿ ಬೇರೆ ಯಾರೂ ಅಲ್ಲ, ಹಂಸಾ. (ಇಡೀ ನಾಟಕ ಮಲಗಿರಬಹುದು ಎಂದು ಗೊತ್ತಾದ ಕೂಡಲೇ ಒಪ್ಪಿದ್ದಳು.)

“ಮುಖದಲ್ಲಿ ಕಹಿ ಕಾಣ್ಬೇಕು ಸಾರ್, ಹಾಗಲಕಾಯಿ ರಸಾನೇ ಇಡೋಣ,” ಎಂದ ನಿರ್ದೇಶಕ ಚಂದ್ರಮೌಳಿ. ಉದಯಶಂಕರ ಮನೆಗೆ ಬಂದು ಕೂಗಾಡಿದ.

“ನಿಮ್ಮ ಕೈಲಾಗಲ್ಲ ಬಿಡಿ,” ಎಂದಳು ಹಂಸಾ.

“ನಿನಗೋಸ್ಕರ ವಿಷ ಬೇಕಾದ್ರೂ ಕುಡೀತೀನಿ ಕಣೇ.”

“ವಿಷ ಯಾರಿಗೆ ಬೇಕು? ಅದೊಂದು ಲೋಟ ರಸ ಕುಡೀರಿ. ನನ್ನ ಮೇಲೆ ನಿಮಗೆ ಪ್ರೀತಿ ಇದೆ ಅಂತ ನಂಬ್ತೀನಿ.”

ಅಲ್ಲಿಗೆ ಇಷ್ಟು ವರ್ಷದ ದಾಂಪತ್ಯವೆಲ್ಲ ಒಂದು ಲೋಟದೊಳಗೆ ಬಂದು ಕೂತಿತು. ರಂಗದ ಸಾಮಾನು ನೋಡಿಕೊಳ್ಳುವ ಮಗಳು ಸಿಂಚನಾಳ ಹತ್ತಿರ ಹೋಗಿ, ಹಸಿರು ಬಣ್ಣದ ಶರಬತ್ತು ಇಟ್ಟುಬಿಡಮ್ಮ ಎಂದು ಗೋಗರೆದ. “ದಟ್ಸ್ ಚೀಟಿಂಗ್, ಅಪ್ಪ,” ಎಂದಳು ಆ ಧರ್ಮದೇವತೆ.

ನಾಟಕದ ದಿನ ಹೆಂಡರ್ಸನ್ ಬಡಾವಣೆಯ ಹಾಲ್ ತುಂಬಿತ್ತು. “ನನ್ನ ಮಕ್ಕಳು ಇನ್ನೂ ಚಿಕ್ಕವರು, ಪ್ರಭು,” ಎಂದು ಮಂತ್ರಿ ಅನಿಲ್ ಹಿಂದೆ ಸರಿದ. ಉದಯಶಂಕರ ಲೋಟ ಎತ್ತಿ, “ಪ್ರಿಯೇ, ನೀನಿಲ್ಲದ ಆಯಸ್ಸು ನನಗೇಕೆ?” ಎಂದು ಗುಡುಗಿದ. ಚಪ್ಪಾಳೆ ಬಿತ್ತು. ಲೋಟ ಮೂಗಿನ ಹತ್ತಿರ ಬಂತು. ಅದೇ ಮಾತನ್ನು ಇನ್ನೊಮ್ಮೆ ಹೇಳಿದ. ಮತ್ತೊಮ್ಮೆ ಹೇಳಿದ. ಮಂಚದ ಮೇಲೆ ಸಾಯುತ್ತಿದ್ದ ಹಂಸಾ ಒಂದು ಕಣ್ಣು ತೆರೆದು ನೋಡಿದಳು. ಅವನಿಗೆ ಅಳುವೇ ಬಂತು. ಲೋಟ ಮಾತ್ರ ಬಾಯಿಗೆ ಹೋಗಲಿಲ್ಲ.

ಆಗ ಮಂತ್ರಿ ಮುಂದೆ ಬಂದು, ರಾಜನ ಕೈಯಿಂದ ಲೋಟ ತೆಗೆದುಕೊಂಡು, ಒಂದೇ ಗುಟುಕಿಗೆ ಕುಡಿದು ಬಾಯಿ ಒರೆಸಿಕೊಂಡ.

ಹಾಲ್ ಎದ್ದು ನಿಂತು ಶಿಳ್ಳೆ ಹಾಕಿತು. ಹಂಸಾ ಎದ್ದಳು, ಗಂಡನನ್ನು ದಾಟಿಕೊಂಡು ಹೋಗಿ ಅನಿಲನ ಕೊರಳಿಗೆ ಹಾರ ಹಾಕಿದಳು. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡ ಮಹಾರಾಜ.

ಪರದೆ ಬಿದ್ದದ್ದೇ ತಡ, ಹಂಸಾಳ ಎದುರಿಗೇ ಅನಿಲನನ್ನು ಹಿಡಿದು ನಿಲ್ಲಿಸಿದ. “ಯಾಕ್ರೀ ಕುಡಿದ್ರಿ?”

“ಶುಗರ್ ಇದೆಯಲ್ಲ ಸಾರ್, ದಿನಾ ಕುಡೀಬೇಕು. ಇವತ್ತು ಬೆಳಿಗ್ಗೆ ಗಡಿಬಿಡೀಲಿ ಆಗಿರ್ಲಿಲ್ಲ. ನೀವಂತೂ ಕುಡಿಯೋ ಹಾಗೆ ಕಾಣ್ಲಿಲ್ಲ, ವೇಸ್ಟ್ ಯಾಕೆ ಮಾಡೋದು ಅಂತ...”

ಉದಯಶಂಕರನಿಗೆ ಹೋದ ಜೀವ ಬಂತು. “ಕೇಳಿದ್ಯಾ? ಪ್ರೀತಿನೂ ಇಲ್ಲ, ತ್ಯಾಗಾನೂ ಇಲ್ಲ. ಶುದ್ಧ ಸ್ವಾರ್ಥ.”

ಹಂಸಾ ಕಿರೀಟ ಬಿಚ್ಚಿ ಮಗಳ ಕೈಗೆ ಕೊಟ್ಟಳು.

“ಇರ್ಲಿ ಬಿಡಿ. ಅವರ ಸ್ವಾರ್ಥದಿಂದಾದ್ರೂ ನಾನು ಬದುಕಿದೆ. ನಿಮ್ಮ ಪ್ರೀತಿ ನಂಬ್ಕೊಂಡಿದ್ರೆ ಇಷ್ಟು ಹೊತ್ತಿಗೆ ಹೆಣ ಎತ್ತಬೇಕಿತ್ತು.”