ಬಿಡುಗಡೆಯಾಗದ ಟೆಂಪೊ

ನಮ್ಮ ಮನೆಯ ಕಾರುಬಾರಿನಲ್ಲಿ ಕಾರು ನನ್ನದು, ಬಾರು ಮೀನಾಕ್ಷಿಯ ಕೈಯಲ್ಲಿ. ಮದುವೆಯಾಗಿ ಹದಿನಾಲ್ಕು ವರ್ಷಗಳಾದರೂ ಈ ಏರ್ಪಾಡಿನಲ್ಲಿ ತಿದ್ದುಪಡಿಯಾಗಿಲ್ಲ. ಕಾರು ಎಂದರೆ ಮನೆಯ ಮುಂದೆ ನಿಲ್ಲಿಸುವ ಕಾರೆಂದು ದಯವಿಟ್ಟು ತಿಳಿಯಬೇಡಿ. ವಿನೋಬನಗರದ ನಮ್ಮ ಓಣಿಗೆ ಅಂಥದ್ದೊಂದು ಬಂದರೆ ಎದುರಿನ ಆಟೊ ಮೇನ್ ರೋಡಿನವರೆಗೆ ಹಿಂದಕ್ಕೆ ಹೋಗಬೇಕಾಗುತ್ತದೆ. ನನ್ನವು ಬೆರಳುದ್ದದ, ಲೋಹದ ಆಟಿಕೆ ಕಾರುಗಳು. ಒಟ್ಟು ಮುನ್ನೂರ ಹನ್ನೆರಡು. ಒಂದೊಂದೂ ಕಂಪನಿಯವರು ಅಂಟಿಸಿ ಕಳಿಸಿದ ಪ್ಯಾಕೆಟ್ಟಿನೊಳಗೇ ಇದೆ. ಪ್ಯಾಕೆಟ್ ಒಡೆಯದಿರುವುದು ಈ ಹವ್ಯಾಸದ ಪರಮ ಧರ್ಮ. ಒಡೆದರೆ ಅದು ಆಟಿಕೆ, ಒಡೆಯದಿದ್ದರೆ ಸಂಗ್ರಹ.

ಈ ಸೂಕ್ಷ್ಮ ಮೀನಾಕ್ಷಿಯ ತಲೆಗೆ ಹೋಗುವುದಿಲ್ಲ. ಆಡುವಂತಿಲ್ಲ, ಓಡಿಸುವಂತಿಲ್ಲ, ಮುಟ್ಟುವಂತಿಲ್ಲ, ಮತ್ತೆ ಅದು ಕಾರು ಹೇಗಾಗುತ್ತದೆ ಎಂಬುದು ಅವಳ ಆರು ವರ್ಷದ ಪ್ರಶ್ನೆ. (ಪ್ರಶ್ನೆಯ ಹಿಂದಿನ ಪ್ರಶ್ನೆ ಬೇರೆ. ಈ ಕಾರುಗಳು ಕಪಾಟು ಸೇರಿದ ಮೇಲೆ ಅವಳ ರೇಷ್ಮೆ ಸೀರೆಗಳು ಮಂಚದ ಕೆಳಗಿನ ಸೂಟ್‌ಕೇಸಿಗೆ ವರ್ಗವಾಗಿವೆ.) ಹನ್ನೊಂದು ವರ್ಷದ ಮಗಳು ಅಂಬಿಕಾಳಿಗೆ ಮಾತ್ರ ಭಾನುವಾರ ಗಾಜಿನಾಚೆಯಿಂದ ದರ್ಶನಕ್ಕೆ ಅವಕಾಶವಿತ್ತು, ಕೈ ಹಿಂದಕ್ಕೆ ಕಟ್ಟಿಕೊಂಡು. ನಾನು ಪಾಲಿಟೆಕ್ನಿಕ್ಕಿನ ಪ್ರಯೋಗಾಲಯದಲ್ಲಿ ಸಹಾಯಕ. ಶಿಸ್ತು ನನಗೆ ರಕ್ತದಲ್ಲೇ ಬಂದಿದೆ.

ಈ ಲೋಕದಲ್ಲಿ ಸಾಮಾನ್ಯ ಕಾರುಗಳಿವೆ, ಅಪರೂಪದ ಕಾರುಗಳಿವೆ. ಅವೆಲ್ಲಕ್ಕೂ ಮೇಲೆ, ಕೈಲಾಸದಲ್ಲಿ ಎಂದರೂ ತಪ್ಪಿಲ್ಲ, ಬಿಡುಗಡೆಯಾಗದ ಕಾರುಗಳಿವೆ. ಕಂಪನಿ ಮಾದರಿಗೆಂದು ನಾಲ್ಕಾರು ಮಾಡಿಸಿ, ಯಾವುದೋ ಕಾರಣಕ್ಕೆ ಅಂಗಡಿಗೆ ಬಿಡದೇ ಕೈಬಿಟ್ಟಂಥವು. ದಾವಣಗೆರೆಯಲ್ಲಿ ಈ ಹುಚ್ಚಿರುವವರು ನಾವು ಏಳು ಜನ. ನಮ್ಮ ವಾಟ್ಸಾಪ್ ಗುಂಪಿನ ನಾಯಕ ಕೆ.ಬಿ. ಬಡಾವಣೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಮುದಸ್ಸಿರ್. ಒಂದು ದಿನ ಅವನು ಹಳದಿಗಟ್ಟಿದ ಕ್ಯಾಟಲಾಗ್ ಪುಟವೊಂದರ ಫೋಟೊ ಕಳಿಸಿದ. ಉದ್ದ ಮೂಗಿನ, ಮೂರು ಗಾಲಿಯ ಟೆಂಪೊ. ನಾನು ಚಿಕ್ಕವನಿದ್ದಾಗ ಮಂಡಿಪೇಟೆಯಲ್ಲಿ ಮೂಟೆ ಹೊತ್ತು ಓಡಾಡುತ್ತಿದ್ದಂಥದ್ದೇ. ಕೆಳಗೆ ‘ಶೀಘ್ರದಲ್ಲಿ ಬರಲಿದೆ’ ಎಂದು ಅಚ್ಚಾಗಿತ್ತು. ಅದು ಬರಲೇ ಇಲ್ಲವಂತೆ. ಅಷ್ಟರಲ್ಲಿ ಮುಂಬೈಯ ಆ ಕಂಪನಿಯೇ ಮುಚ್ಚಿಹೋಯಿತಂತೆ. ಆದರೆ ಮಾದರಿಗಳನ್ನು ಎರಕ ಹೊಯ್ದದ್ದು ಎಲ್ಲಿ ಗೊತ್ತೇ? ಹರಿಹರದ ಒಂದು ವರ್ಕ್‌ಶಾಪಿನಲ್ಲಿ. ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. ಆ ರಾತ್ರಿ ನನಗೆ ಅನ್ನ ಸೇರಲಿಲ್ಲ.

ಮರುಭಾನುವಾರ ನಾವಿಬ್ಬರೂ ಹರಿಹರದಲ್ಲಿ ಹಯಾತ್ ಸಾಬರ ಮನೆಯಲ್ಲಿದ್ದೆವು. ಎಂಬತ್ತರ ಹತ್ತಿರದ ಹಿರಿಯರು, ಆ ವರ್ಕ್‌ಶಾಪಿನಲ್ಲಿ ಅಚ್ಚುಗಳಿಗೆ ಪಾಲಿಶ್ ಹಾಕುತ್ತಿದ್ದವರು. ಅವರ ಸೊಸೆ ರಶೀದಾ ಚಹಾ ತಂದಿಟ್ಟರು. ಸಾಬರು ನೆನಪು ಮಾಡಿಕೊಂಡು ಹೇಳಿದರು: ಎರಡು ಡಜನ್ ಟೆಂಪೊ ಎರಕ ಹೊಯ್ದಿದ್ದರು, ಬಣ್ಣ ಹಾಕುವ ಮೊದಲೇ ಕೆಲಸ ನಿಂತಿತು, ಅಚ್ಚನ್ನು ಒಡೆದು ಕರಗಿಸಿದರು. ಗಾಲಿ ಜೋಡಿಸುವುದಕ್ಕೆ ಮೂವರು ಹೆಣ್ಣುಮಕ್ಕಳಿದ್ದರು. ಕೊನೆಯ ದಿನ ಮಾಲೀಕರು ಆ ಟೆಂಪೊಗಳನ್ನು ಮಕ್ಕಳಿಗೆ ಒಯ್ಯಿರಿ ಎಂದು ಅವರಿಗೇ ಹಂಚಿಬಿಟ್ಟರು. ಇಬ್ಬರು ತೀರಿಕೊಂಡಿದ್ದಾರೆ, ಅವರ ಪಾಲಿನವೂ ಉಳಿದಿಲ್ಲ. ಮೂರನೆಯವಳು ಇದ್ದಾಳೆ.

“ತಿಮ್ಮವ್ವ ಅಂತ. ಗಾಲಿ ಕೂಡ್ಸೋದ್ರಾಗ ಆಕಿ ಕೈ ಭಾಳ ಚಲೋ,” ಎಂದರು ಸಾಬರು. “ಈಗ ಕೊಕ್ಕನೂರಾಗ ಮಗನ ಹತ್ರ ಅದಾಳೆ. ಮಗಳನ್ನ ದಾವಣಗೆರೆಗೆ ಕೊಟ್ಟಾರೆ. ಅಳಿಯ ಪಾಲಿಟೆಕ್ನಿಕ್ಕಿನಾಗ ಅದಾನಂತೆ. ಮನಷ್ಯ ಸ್ವಲ್ಪ ಬಿಗಿ ಅಂತಾರಪ್ಪ.”

ನನ್ನ ಬಾಯಲ್ಲಿದ್ದ ಚಹಾ ಮೂಗಿನ ದಾರಿ ಹಿಡಿಯಿತು. ಮುದಸ್ಸಿರ್ ನನ್ನ ಮುಖ ನೋಡುವುದನ್ನು ಬಿಟ್ಟು ಜಂತೆಗಳನ್ನು ಎಣಿಸತೊಡಗಿದ. ಕೊಕ್ಕನೂರಿನ ತಿಮ್ಮವ್ವ ಎಂದರೆ ನನ್ನ ಅತ್ತೆ. ಆ ಬಿಗಿ ಮನುಷ್ಯ ಯಾರೆಂದು ಬೇರೆ ಹೇಳಬೇಕಿಲ್ಲ.

ಮನೆಗೆ ಬಂದು ಮೀನಾಕ್ಷಿಯನ್ನು ಕೇಳಿದೆ. ಅವಳಿಗೆ ಯಾವ ಆಶ್ಚರ್ಯವೂ ಆಗಲಿಲ್ಲ. ಆ ವರ್ಕ್‌ಶಾಪಿನ ಬಾಗಿಲಲ್ಲಿ ಕೂತೇ ಅವಳು ಮಗ್ಗಿ ಕಲಿತದ್ದಂತೆ. ಇದನ್ನು ಇಷ್ಟು ವರ್ಷ ಹೇಳಲಿಲ್ಲವೇಕೆ ಎಂದರೆ, “ನೀವು ಕೇಳಿದ್ರಾ?” ಎಂದಳು. ನಾನು ಲೆಕ್ಕ ಹಾಕಿ ನೋಡಿದೆ. ಹದಿನಾಲ್ಕು ವರ್ಷಗಳಲ್ಲಿ ಅತ್ತೆಯ ಜೊತೆ ನಾನು ಆಡಿದ ಒಟ್ಟು ಮಾತು ಮೂರು: ಆರಾಮಾ, ಊಟ ಆಯ್ತಾ, ಬರ್ತೀವಿ. ಅದೂ ಊರಿಗೆ ಹೋದಾಗ. ಅವರು ನಮ್ಮ ಮನೆಗೆ ಬಂದು ಹನ್ನೊಂದು ವರ್ಷವಾಗಿತ್ತು. ಯಾವಾಗ ಕರೆದರೂ ಬಸ್ಸಿನ ಹೊಗೆ ಆಗುವುದಿಲ್ಲ ಎನ್ನುತ್ತಿದ್ದರು. ನಾನೂ ನಂಬಿದ್ದೆ. ನಿಜ ಹೇಳಬೇಕೆಂದರೆ ಆ ಹೊಗೆಯ ಮೇಲೆ ನನಗೆ ಸ್ವಲ್ಪ ಅಭಿಮಾನವೇ ಇತ್ತು.

ಬರುವ ಶನಿವಾರ ನಿಮ್ಮ ತಾಯಿಯನ್ನು ನೋಡಿಕೊಂಡು ಬರೋಣ ಎಂದಾಗ ಮೀನಾಕ್ಷಿ ನನ್ನ ಹಣೆಯ ಮೇಲೆ ಕೈಯಿಟ್ಟು ಜ್ವರ ನೋಡಿದಳು. ನಾನೇ ಹೋಗಿ ಒಂದು ಇಳಕಲ್ ಸೀರೆ ಆರಿಸಿ ತಂದೆ. ಎರಡು ಡಜನ್ ಬಾಳೆಹಣ್ಣು ಮತ್ತು ಒಂದು ದೊಡ್ಡ ಚೀಲ ಮಂಡಕ್ಕಿಯೂ ಜೊತೆಗೆ ಬಂದವು. ಅಷ್ಟು ಹೊತ್ತುಕೊಂಡು ನಾನು ಕೊಕ್ಕನೂರಿನಲ್ಲಿ ಬಸ್ಸಿಳಿದದ್ದನ್ನು ಕಂಡು ಭಾವಮೈದುನ ವೀರೇಶ್ ಮೊದಲು ಕೇಳಿದ್ದು, ಯಾರಿಗೇನಾಯಿತು ಎಂದು.

ಅತ್ತೆ ಜಗಲಿಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಾನು ಎದುರಿಗೇ ಕುಕ್ಕರಗಾಲಿನಲ್ಲಿ ಕೂತು ಅವರ ಮಂಡಿನೋವು ವಿಚಾರಿಸಿದೆ. ಕಣ್ಣಿನ ಪೊರೆ ವಿಚಾರಿಸಿದೆ. ಎಮ್ಮೆಯ ಆರೋಗ್ಯವನ್ನೂ ಬಿಡಲಿಲ್ಲ. ಒಂದೊಂದು ಪ್ರಶ್ನೆಗೂ ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ವಿಷಯಕ್ಕೆ ಬಂದೆ. ಹರಿಹರದ ವರ್ಕ್‌ಶಾಪಿನ ಹೆಸರು ಎತ್ತಿದ್ದೇ ತಡ, ಅತ್ತೆ ಮೊರ ಕೆಳಗಿಟ್ಟರು.

ಆಮೇಲೆ ಅರ್ಧ ಗಂಟೆ ಅವರೇ ಮಾತಾಡಿದರು. ಸಣ್ಣ ಕಡ್ಡಿಗೆ ಗಾಲಿ ಪೋಣಿಸುವುದು ಹೇಗೆ, ಅದರ ತುದಿಯನ್ನು ಎಷ್ಟು ಹಗುರ ಬಡಿಯಬೇಕು, ಹೆಚ್ಚು ಬಡಿದರೆ ಗಾಲಿ ಹೇಗೆ ಹಿಡಿದುಕೊಳ್ಳುತ್ತದೆ, ಎಲ್ಲವನ್ನೂ ಹೇಳಿದರು. ಕೈಗಳು ಗಾಳಿಯಲ್ಲೇ ಗಾಲಿ ಕೂಡಿಸುತ್ತಿದ್ದವು. ಅಂಬಿಕಾ ಬಾಯಿ ತೆರೆದುಕೊಂಡು ಕೇಳಿದಳು. ನಾನು ಪರೀಕ್ಷೆಯ ಫಲಿತಾಂಶಕ್ಕೆ ಕಾದವನ ಹಾಗೆ ಚಡಪಡಿಸಿ, ಆ ಟೆಂಪೊಗಳಲ್ಲಿ ಒಂದಾದರೂ ಉಳಿದಿದೆಯೇ ಎಂದು ನಡುವೆ ಬಾಯಿ ಹಾಕಿದೆ.

“ಎಂಟು ತಂದಿದ್ದೆ. ಏಳನ್ನ ಹುಡುಗ್ರು ಆಡಿ ಆಡಿ ಹಾಳು ಮಾಡಿದ್ರು,” ಎಂದರು ಅತ್ತೆ. “ಒಂದು ಮಾತ್ರ ಎತ್ತಿಟ್ಟಿದ್ದೆ, ಮೊಮ್ಮಗು ಬರ್ಲಿ ಅಂತ.”

ನಾನು ಕೂತಲ್ಲಿಂದಲೇ ಇನ್ನಷ್ಟು ಮುಂದಕ್ಕೆ ಸರಿದೆ. “ಈಗ ಎಲ್ಲೈತೆ ಅತ್ತೆ?”

“ಕೊಟ್ನಲ್ಲ ಅಳಿಯಂದ್ರ. ಅಂಬಿಕಾನ ತೊಟ್ಲಾಗ ಇಟ್ಟೆ.”

ಮೀನಾಕ್ಷಿ ಸೆರಗಿನ ಅಂಚನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು. ನನಗೆ ಮೊದಲು ಏನೂ ನೆನಪಾಗಲಿಲ್ಲ. ಆಮೇಲೆ ಆಯಿತು. ಮಗಳ ನಾಮಕರಣದ ದಿನ. ತೊಟ್ಟಿಲಲ್ಲಿ ಬೂದು ಬಣ್ಣದ, ಪ್ಯಾಕೆಟ್ ಇಲ್ಲದ, ಹೆಸರಿಲ್ಲದ ಏನೋ ಒಂದು ಲೋಹದ ತುಂಡು. ಆಗ ನನಗಿನ್ನೂ ಈ ಹವ್ಯಾಸ ಹತ್ತಿರಲಿಲ್ಲ, ಪ್ರಯೋಗಾಲಯದ ಜ್ಞಾನ ಮಾತ್ರ ತಲೆತುಂಬ ಇತ್ತು. ಬಂದ ನೆಂಟರೆಲ್ಲರ ಎದುರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇಂಥ ಅಗ್ಗದ ಲೋಹದಲ್ಲಿ ಸೀಸವಿರುತ್ತದೆ, ಮಗು ಬಾಯಿಗಿಟ್ಟರೆ ಏನು ಗತಿ ಎಂದು ಹತ್ತು ನಿಮಿಷ ಭಾಷಣ ಮಾಡಿದ್ದೆ. ಮರುದಿನ ಬೆಳಿಗ್ಗೆ ಹಳೆಯ ಪೇಪರಿನ ಜೊತೆಗೆ ಅದನ್ನೂ ಗುಜರಿ ಗಾಡಿಗೆ ಹಾಕಿದ್ದೆ. ಆ ಹೊತ್ತಿಗೆ ಅತ್ತೆ ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಬಸ್ಸಿಗೆ ಹೊತ್ತಾಯಿತು ಎಂದು ಹೋದವರು ಮತ್ತೆ ಬರಲಿಲ್ಲ.

ಬಸ್ಸಿನ ಹೊಗೆಯದೇನೂ ತಪ್ಪಿರಲಿಲ್ಲ.

“ನೀವು ನೋಡಿದ್ರಾ?” ಎಂದೆ.

“ನೋಡ್ದೆ. ಇರ್ಲಿ ಬಿಡ್ರಿ. ನಿಮಗ ಬ್ಯಾಡಾಗಿತ್ತು,” ಎಂದು ಅತ್ತೆ ಮತ್ತೆ ಮೊರ ಎತ್ತಿಕೊಂಡರು.

ಜಗತ್ತಿನಲ್ಲಿ ಉಳಿದಿದ್ದ ಒಂದೇ ಒಂದು ಟೆಂಪೊವನ್ನು ನಾನೇ ಗುಜರಿಗೆ ಹಾಕಿದ್ದೆ ಎಂಬುದು ಸಾಲದೆಂಬಂತೆ, ಒಬ್ಬ ಹೆಣ್ಣುಮಗಳು ಕೈಯಾರೆ ಮಾಡಿ, ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ಜೋಪಾನ ಮಾಡಿ, ಮೊಮ್ಮಗಳಿಗೆ ತಂದದ್ದನ್ನು ಅವಳ ಕಣ್ಣೆದುರೇ ಹಾಕಿದ್ದೆ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಆಘಾತಪಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಎಮ್ಮೆಯನ್ನೇ ನೋಡಿದೆ. ‘ತಪ್ಪಾಯಿತು’ ಎಂಬ ಮಾತು ಗಂಟಲಲ್ಲಿ ಮೂರು ಸಲ ಹಿಡಿದುಕೊಂಡು (ಹೆಚ್ಚು ಬಡಿದ ಗಾಲಿಯಂತೆ) ನಾಲ್ಕನೆಯ ಸಲ ಹೊರಗೆ ಬಂತು. ನಮ್ಮ ಮನೆಗೆ ಬನ್ನಿ ಎಂದೂ ಕೇಳಿಕೊಂಡೆ. ಅತ್ತೆ ನನ್ನನ್ನೊಮ್ಮೆ ನೋಡಿ ಒಳಗೆ ಹೋದರು. ಬೇಜಾರಾಯಿತೇನೋ ಎಂದುಕೊಳ್ಳುವಷ್ಟರಲ್ಲಿ ಕೈಚೀಲ ಹಿಡಿದು ಬಂದರು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ದಾವಣಗೆರೆ ಮುಟ್ಟುವವರೆಗೂ ಶೇಂಗಾ ತಿಂದರು.

ಮುದಸ್ಸಿರನಿಗೆ ನಾನು ಅರ್ಧ ಸತ್ಯ ಹೇಳಿದೆ, ಟೆಂಪೊಗಳನ್ನೆಲ್ಲ ಮಕ್ಕಳು ಆಡಿ ಕಳೆದರಂತೆ ಎಂದು. ಹೋಗಲಿ, ಅದನ್ನು ಮಾಡಿದ ಕೈಗಳನ್ನಾದರೂ ನೋಡುತ್ತೇವೆ, ಸೋಮವಾರ ಸಂಜೆ ಗುಂಪಿನವರೆಲ್ಲ ಬರುತ್ತೇವೆ ಎಂದ. ಸೋಮವಾರ ಬೆಳಿಗ್ಗೆ ಕಾಲೇಜಿಗೆ ಹೊರಡುವಾಗ ಕಪಾಟಿನ ಕೀಲಿಯನ್ನು ನಾನೇ ಮೀನಾಕ್ಷಿಯ ಕೈಗಿಟ್ಟೆ. ಅತ್ತೆಗೆ ನನ್ನ ಕಾರುಗಳನ್ನೆಲ್ಲ ತೋರಿಸು ಎಂದೆ. ಔದಾರ್ಯದಿಂದ ನನ್ನ ಕಣ್ಣು ನನಗೇ ತೇವವಾಗಿತ್ತು.

ಸಂಜೆ ಐದೂವರೆಗೆ ಬಂದು ಬಾಗಿಲು ತೆರೆದರೆ ಪಡಸಾಲೆಯಲ್ಲಿ ಮೊಣಕಾಲೆತ್ತರಕ್ಕೆ ರಟ್ಟು ಮತ್ತು ಪ್ಲಾಸ್ಟಿಕ್ ಹಾಳೆಗಳ ರಾಶಿ. ಮುನ್ನೂರ ಹನ್ನೆರಡಕ್ಕೂ ಒಂದೇ ದಿನ ಬಿಡುಗಡೆಯಾಗಿತ್ತು. ಅತ್ತೆ ಕನ್ನಡಕ ಹಾಕಿಕೊಂಡು ನೆಲದ ಮೇಲೆ ಕೂತಿದ್ದರು. ಊಟದ ಮಣೆಯನ್ನು ಅಕ್ಕಿ ಡಬ್ಬಿಗೆ ಓರೆಯಾಗಿ ಒರಗಿಸಿ, ಅದರ ಮೇಲಿಂದ ಒಂದೊಂದೇ ಕಾರನ್ನು ಬಿಡುತ್ತಿದ್ದರು. ನೇರ ಹೋಗಿ ಗೋಡೆ ಮುಟ್ಟಿದವು ಒಂದು ಗುಂಪು. ಅಡ್ಡ ಎಳೆಯುವವು ಇನ್ನೊಂದು. ಮೂರನೆಯದಕ್ಕೆ ಅಂಬಿಕಾ ಚೀಟಿ ಬರೆದಿಟ್ಟಿದ್ದಳು: ‘ದಂಡಪಿಂಡ.’ ನನ್ನ ಸಂಗ್ರಹದ ಅತ್ಯಂತ ಘನತೆವೆತ್ತ ಕಾರುಗಳೆಲ್ಲ ಅಲ್ಲೇ ಇದ್ದವು.

ನಾನು ಮೀನಾಕ್ಷಿಯನ್ನು ನೋಡಿದೆ.

“ತೋರ್ಸು ಅಂದ್ರಿ. ಮುಚ್ಚಿಟ್ಟಿದ್ದನ್ನ ಹೆಂಗೆ ತೋರ್ಸಲಿ?” ಎಂದಳು ಅವಳು.

ಅಷ್ಟರಲ್ಲಿ ಅತ್ತೆ ಕೆಂಪು ಜೀಪೊಂದನ್ನು ನನ್ನ ಅಂಗೈಗಿಟ್ಟರು. ಆ ಜೀಪಿನ ಹಿಂದಿನ ಗಾಲಿ ಕಾರ್ಖಾನೆಯಲ್ಲೇ ಉಲ್ಟಾ ಕೂತಿತ್ತು. ಅಂಥ ದೋಷವಿರುವುದರಿಂದಲೇ ಅದು ಅಪರೂಪ. ಅದಕ್ಕಾಗಿಯೇ ಮುದಸ್ಸಿರ್ ಎರಡು ವರ್ಷದಿಂದ ನನ್ನ ಬೆನ್ನು ಬಿದ್ದಿದ್ದ. ಅತ್ತೆ ಇಕ್ಕಳ ಹಾಕಿ ಗಾಲಿಯನ್ನು ಸರಿಮಾಡಿದ್ದರು. ಕೂಡಿಸಿದವರು ಯಾರೋ ಗಮನವಿಲ್ಲದೆ ಕೂಡಿಸಿದ್ದಾರೆ, ಇಂಥ ಮಾಲನ್ನು ನಮ್ಮ ಕಾಲದಲ್ಲಿ ಹೊರಗೆ ಬಿಡುತ್ತಿರಲಿಲ್ಲ ಎಂದು ಬೇಸರಪಟ್ಟರು.

ನಾನು ಕೂಗಬಹುದಿತ್ತು. ಆದರೆ ಯಾವ ಮುಖ ಇಟ್ಟುಕೊಂಡು ಕೂಗಲಿ? ರಟ್ಟಿನ ರಾಶಿ ಸರಿಸಿ ಅಲ್ಲೇ ಕೂತೆ. “ಬಿಡ್ರಿ, ಒಂದ್ಸಲ ನೀವ ಬಿಡ್ರಿ,” ಎಂದರು ಅತ್ತೆ. ಬಿಟ್ಟೆ. ಜೀಪು ಮಣೆ ಇಳಿದು, ಪಡಸಾಲೆ ದಾಟಿ, ನೂಲು ಹಿಡಿದ ಹಾಗೆ ನೇರ ಹೋಗಿ ಗೋಡೆಗೆ ಟಣ್ಣೆಂದು ತಾಗಿತು. ಆರು ವರ್ಷದಲ್ಲಿ ನನ್ನದೊಂದು ಕಾರು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಇನ್ನೊಂದು ಸಲ ಬಿಡೋಣ ಅನ್ನಿಸಿತು. ಬಿಟ್ಟೆ ಕೂಡ. ಮೂರನೆಯ ಸಲಕ್ಕೆ ಅಂಬಿಕಾ ತನ್ನ ಪಾಳಿ ಎಂದು ಕಿತ್ತುಕೊಂಡಳು.

ಆಗಲೇ ಗುಂಪಿನ ಆರೂ ಜನ ಒಳಗೆ ಬಂದರು. ರಟ್ಟಿನ ರಾಶಿ ನೋಡಿ ಸಾವಿನ ಮನೆಗೆ ಬಂದವರಂತೆ ಬಾಗಿಲಲ್ಲೇ ನಿಂತರು. ಆದರೆ ಅತ್ತೆ ಮಾತು ಶುರುಮಾಡಿದ ಮೇಲೆ ನನ್ನ ಶೋಕಕ್ಕೆ ಯಾರೂ ಗಿರಾಕಿಗಳಿರಲಿಲ್ಲ. ಮುದಸ್ಸಿರ್ ಅವರ ಕೈಗಳ ಫೋಟೊ ತೆಗೆದ. ನಿವೃತ್ತ ಕಂಡಕ್ಟರ್ ಗೋಣೆಪ್ಪ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಕೊನೆಗೆ ಮುದಸ್ಸಿರ್, ಒಂದೇ ಒಂದು ಟೆಂಪೊ ಕೂಡ ಉಳಿಯಲಿಲ್ಲವೇ ಎಂದು ಕೇಳಿದ.

“ಒಂದಿತ್ತಪ್ಪ,” ಎಂದರು ಅತ್ತೆ. “ಗುಜರಿಗೆ ಹೋತು.”

ಗೋಣೆಪ್ಪನವರ ಪೆನ್ನು ಕೆಳಗೆ ಬಿತ್ತು. ಅದನ್ನು ಗುಜರಿಗೆ ಹಾಕಿದವನನ್ನು ತಲೆಕೆಳಗಾಗಿ ನೇತುಹಾಕಬೇಕು ಎಂದು ಅವರು ಸೂಚಿಸಿದರು. ಉಳಿದವರು ಅನುಮೋದಿಸಿದರು. ನಿಮ್ಮ ಅಭಿಪ್ರಾಯವೇನು ಎಂದು ನನ್ನನ್ನೂ ಕೇಳಿದರು. ಅಂಥವನನ್ನು ಕ್ಷಮಿಸಬಾರದು ಎಂದೆ, ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ.

“ಬಿಡ್ರಪ್ಪ. ಪಾಪ, ಆವಾಗ ಅವ್ರಿಗೆ ತಿಳೀತಿರ್ಲಿಲ್ಲ,” ಎಂದ ಅತ್ತೆ ನನ್ನ ಕಡೆ ತಿರುಗಿದರು. “ಅಳಿಯಂದ್ರ, ಎಲ್ರಿಗೂ ಚಹಾ ಇಡ್ರಿ.”

ನಾನು ಎದ್ದು ಓಡಿದೆ. ಹದಿನಾಲ್ಕು ವರ್ಷಗಳಲ್ಲಿ ಅಡುಗೆಮನೆ ನನಗೆ ಅಷ್ಟು ಆಪ್ತವಾಗಿ ಕಂಡದ್ದೇ ಇಲ್ಲ. ನೀರಿಟ್ಟು, ಚಹಾಪುಡಿ ಹುಡುಕುತ್ತಿರುವಾಗ ಪಡಸಾಲೆಯಿಂದ ಮುದಸ್ಸಿರನ ದನಿ ಕೇಳಿಸಿತು. ಅವರು ಅಂದರೆ ಯಾರು ಅಂತ ನಿಮಗೇನಾದರೂ ಗೊತ್ತೇ ಎಂದು ಮೀನಾಕ್ಷಿಯನ್ನು ಕೇಳುತ್ತಿದ್ದ.

“ತಡೀರಿ,” ಎಂದಳು ಮೀನಾಕ್ಷಿ. “ಚಹಾ ತರ್ತಾರಲ್ಲ, ಆವಾಗ ತೋರಿಸ್ತೀನಿ.”

ನಾನು ಒಲೆಯ ಉರಿಯನ್ನು ಆದಷ್ಟು ಸಣ್ಣ ಮಾಡಿದೆ.