ಕೀಲಿಕೈ ಒಂದೇ, ಅದೂ ನನ್ನ ಕಿಸೆಯಲ್ಲಿ

ನನ್ನ ನೆನಪನ್ನು ನಾನು ನಂಬುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದ ಕಾಲದಿಂದ ಪುರಾವೆಯಿಲ್ಲದೆ ಏನನ್ನೂ ನಂಬಬಾರದೆಂಬ ಚಟ ಅಂಟಿಕೊಂಡಿದೆ. ಐವತ್ತು ದಾಟಿದ ಮೇಲೆ ಆ ಚಟ ನನ್ನ ತಲೆಯ ಕಡೆಗೇ ತಿರುಗಿದೆ. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಕಿತ್ತೂರಿನ ಕೋಟೆ ನೋಡಲು ಕರೆದುಕೊಂಡು ಹೋಗಿದ್ದೆ, ಅಲ್ಲಿ ಅವಳ ಚಪ್ಪಲಿ ಕಿತ್ತುಹೋಯಿತು, ನನ್ನ ಚಪ್ಪಲಿಯನ್ನು ಅವಳಿಗೆ ಕೊಟ್ಟು ನಾನು ಬರಿಗಾಲಲ್ಲಿ ಬಸ್ ಸ್ಟ್ಯಾಂಡಿನವರೆಗೆ ನಡೆದೆ ಎಂಬ ಚಿತ್ರ ನನ್ನ ತಲೆಯಲ್ಲಿ ಬಹಳ ಸ್ಪಷ್ಟವಾಗಿದೆ. ಸುವರ್ಣಾ, ಅಂದರೆ ಆ ಹೆಂಡತಿ, ಹೇಳುವುದೇ ಬೇರೆ. “ಕಿತ್ತೂರಿಗೆ ನೀವು ಹೋಗಿದ್ದು ನಿಮ್ಮ ತಂಗಿ ಜೋಡಿ. ನಾ ಮನ್ಯಾಗ ರೊಟ್ಟಿ ಬಡೀತಿದ್ದೆ. ಚಪ್ಪಲಿ ಕೊಟ್ಟಿದ್ದೂ ಆಕಿಗೇ ಇರಬೇಕು, ನನಗಂತೂ ಇವತ್ತಿನತನಕಾ ಯಾರೂ ಕೊಟ್ಟಿಲ್ಲ.” ಇಬ್ಬರ ಹತ್ತಿರವೂ ಪುರಾವೆಯಿಲ್ಲ. ಆದ್ದರಿಂದ ನಾನು ಅನುಮಾನದಲ್ಲಿದ್ದೇನೆ, ಅವಳು ನಿಶ್ಚಿಂತೆಯಿಂದ ಇದ್ದಾಳೆ. ಇರಲಿ. ಆದರೆ ನನ್ನ ನೆನಪನ್ನು ನಾನು ನಂಬದಿರುವುದು ಬೇರೆ, ಮಂದಿ ನಂಬದಿರುವುದು ಬೇರೆ. ಮೊದಲನೆಯದು ವಿವೇಕ, ಎರಡನೆಯದು ಅವಮಾನ. ಈ ಚಳಿಗಾಲದಲ್ಲಿ ನನಗೆ ಎರಡನೆಯದು ಧಾರಾಳವಾಗಿ ಸಿಕ್ಕಿತು.

ಬೈಲಹೊಂಗಲದ ಒಂದು ಕಾಲೇಜಿನಲ್ಲಿ ನಾನು ಪಾಠ ಹೇಳುತ್ತೇನೆ. ಕಂಪ್ಯೂಟರಿನ ಗಂಧ ಸ್ವಲ್ಪ ಇದೆ ಎಂಬ ತಪ್ಪಿಗೆ ಬಹಳ ವರ್ಷಗಳ ಹಿಂದೆ ಇನ್ನೊಂದು ಕೆಲಸವೂ ಕೊರಳಿಗೆ ಬಿತ್ತು. ನಮ್ಮಲ್ಲಿ ಮಹಡಿಯ ಮೂಲೆಗೆ ಒಂದು ತಂಪು ಕೋಣೆ ಇದೆ. ಒಳಗೆ ಆಳೆತ್ತರದ ಕಬ್ಬಿಣದ ಕಪಾಟು, ಅದರಲ್ಲಿ ಸರ್ವರು, ಅದರ ಕೆಳಗೆ ಸಾಲುಸಾಲು ಡಿಸ್ಕುಗಳನ್ನು ತುಂಬಿಕೊಂಡ ಸ್ಟೋರೇಜ್ ಯಂತ್ರ. ಹುಡುಗರ ಹಾಜರಿ, ಅಂಕ, ಪ್ರಶ್ನೆಪತ್ರಿಕೆ, ಎಲ್ಲವೂ ಅದರ ಹೊಟ್ಟೆಯಲ್ಲಿ. ಆ ಕೋಣೆಯ ಕೀಲಿಕೈ ಒಂದೇ, ಅದು ನನ್ನ ಕಿಸೆಯಲ್ಲಿ. ಇದರ ಬಗ್ಗೆ ನನಗೆ ಹೆಮ್ಮೆ ಇತ್ತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಕನ್ನಡಕ ಎಲ್ಲಿಟ್ಟೆ ಎಂದು ಮರೆತಿದ್ದೇನೆ, ಸ್ಕೂಟರನ್ನು ಸವದತ್ತಿಯಲ್ಲಿ ಬಿಟ್ಟು ಬಸ್ಸಿನಲ್ಲಿ ಮನೆಗೆ ಬಂದಿದ್ದೇನೆ. ಆ ಕೀಲಿಕೈಯನ್ನು ಮಾತ್ರ ಒಂದು ದಿನವೂ ಕಳೆದಿಲ್ಲ. ನನ್ನ ಮೇಲೆ ನನಗೇ ಸಂಶಯ ಬಂದಾಗ ಕಿಸೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಈ ಯಂತ್ರದ ಗುಣವೇನೆಂದರೆ ಅದರಲ್ಲಿ ಎಲ್ಲವೂ ಎರಡೆರಡು. ಕರೆಂಟಿನ ದಾರಿ ಎರಡು, ಸರ್ವರಿನಿಂದ ಬರುವ ಕೇಬಲ್ಲು ಎರಡು, ಯಜಮಾನಿಕೆ ಮಾಡುವ ಕಂಟ್ರೋಲರುಗಳೂ ಎರಡು. ಡಿಸ್ಕುಗಳನ್ನು ಖಾನೆಗಳಂತೆ ವಿಂಗಡಿಸಿರುತ್ತಾರೆ. ಒಂದೊಂದು ಖಾನೆಗೆ ವಾಲ್ಯೂಮ್ ಎಂದು ಹೆಸರು. ಪ್ರತಿಯೊಂದು ವಾಲ್ಯೂಮಿಗೂ ಇಂಥ ಕಂಟ್ರೋಲರೇ ಮಾಲೀಕ ಎಂದು ಮೊದಲೇ ನೇಮಿಸಿರುತ್ತಾರೆ. ನಮ್ಮ ಕಾಲೇಜಿನ ಆಫೀಸಿನಲ್ಲಿ ಎರಡು ಕಿಟಕಿಗಳಿವೆಯಲ್ಲ, ಹಾಗೆ. ಒಂದು ಕಿಟಕಿಯವನು ಚಹಾಕ್ಕೆ ಎದ್ದುಹೋದರೆ ಅವನ ಕಾಗದಗಳನ್ನು ಪಕ್ಕದವನು ಗೊಣಗುತ್ತ ತನ್ನ ಕಡೆ ಎಳೆದುಕೊಳ್ಳುತ್ತಾನೆ. ಹೋದವನು ಬಂದು ಕುಳಿತರೂ ತಾನಾಗಿ ಹಿಂದಿರುಗಿಸುವುದಿಲ್ಲ. ಮೇಲಿನವರು ಬಂದು “ಅವನ ಕೆಲಸ ಅವನಿಗೆ ಕೊಡೋ” ಎನ್ನಬೇಕು. ಕಂಟ್ರೋಲರುಗಳೂ ಥೇಟ್ ಹಾಗೆಯೇ. ಒಬ್ಬನ ದಾರಿ ಕೆಟ್ಟರೆ ವಾಲ್ಯೂಮು ಇನ್ನೊಬ್ಬನ ವಶಕ್ಕೆ ಹೋಗುತ್ತದೆ, ಯಂತ್ರದ ಮುಖದ ಮೇಲೆ ಹಳದಿ ದೀಪ ಹತ್ತುತ್ತದೆ. ದಾರಿ ಸರಿಯಾದ ಮೇಲೆ ಮನುಷ್ಯನೊಬ್ಬ ಕೂತು ಆಜ್ಞೆ ಕೊಟ್ಟು ಹಿಂದಕ್ಕೆ ಕಳಿಸಬೇಕು.

ದೀಪಾವಳಿ ಮುಗಿದು ಚಳಿ ಬಿದ್ದದ್ದೇ ತಡ, ಈ ಹಳದಿ ದೀಪ ನನ್ನ ಬೆನ್ನು ಹತ್ತಿತು. ಬೆಳಿಗ್ಗೆ ಹೋಗುತ್ತೇನೆ, ದೀಪ ಹಳದಿ. ವಾಲ್ಯೂಮುಗಳು ಮಾಲೀಕನನ್ನು ಬಿಟ್ಟು ಪಕ್ಕದ ಮನೆ ಸೇರಿವೆ. ದಾರಿಗಳನ್ನು ನೋಡಿದರೆ ಎಲ್ಲವೂ ಸರಿಯಿವೆ. ಆಜ್ಞೆ ಕೊಡುತ್ತೇನೆ, ದೀಪ ಹಸಿರಾಗುತ್ತದೆ. ಸಮಾಧಾನದಿಂದ ಬಾಗಿಲು ಹಾಕಿ, ಕೀಲಿ ಜಗ್ಗಿ ನೋಡಿ, ಮೆಟ್ಟಿಲಿಳಿದು ಸ್ಟಾಫ್ ರೂಮಿಗೆ ಬಂದು ಕೂರುವಷ್ಟರಲ್ಲಿ ಮೊಬೈಲಿಗೆ ಸಂದೇಶ: ದಾರಿ ತಪ್ಪಿದೆ, ಮಾಲೀಕ ಬದಲಾಗಿದ್ದಾನೆ. ಅದೇ ಹೊತ್ತಿಗೆ ಅಂಕ ತುಂಬುತ್ತ ಕೂತವರ ಪರದೆಗಳು ಗಕ್ಕನೆ ನಿಲ್ಲುತ್ತವೆ, ಎಲ್ಲರೂ ಒಟ್ಟಿಗೇ ನನ್ನ ಕಡೆ ತಿರುಗುತ್ತಾರೆ. ಅದರಲ್ಲೂ ನದಾಫ ಸರ. ಭೌತಶಾಸ್ತ್ರದವರು, ನಮ್ಮ ಹಿಂದಿನ ಓಣಿಯಲ್ಲೇ ಅವರ ಮನೆ. ಮಾತು ಮೆಲ್ಲಗೆ ಬರುತ್ತದೆ, ನಾಟುವುದು ಮಾತ್ರ ಆಳಕ್ಕೆ. “ಸರ, ನಿಮ್ಮ ಯಂತ್ರಕ್ಕೂ ನಿಮ್ಮಂಗ ಮರವು ಸುರು ಆತೇನ್ರಿ? ಜೋಡಿ ಇದ್ದು ಇದ್ದು ಗುಣ ಹತ್ತತಾವರಿ.”

ಸ್ಟೋರೇಜ್ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆ. ಬೆಂಗಳೂರಿನ ಒಂದು ಎಳೆಯ ದನಿ, ತುಂಬ ವಿನಯದ್ದು. “ಸಾರ್, ಇತ್ತೀಚೆಗೆ ಏನಾದ್ರೂ ಚೇಂಜ್ ಮಾಡಿದ್ರಾ?” ಏನೂ ಮಾಡಿಲ್ಲ ಎಂದೆ. “ರ‍್ಯಾಕ್ ಯಾರಾದ್ರೂ ಮುಟ್ಟಿದ್ರಾ ಸಾರ್?” ಕಪಾಟನ್ನು ಯಾರೂ ಮುಟ್ಟಿಲ್ಲ, ಕೀಲಿಕೈ ನನ್ನ ಹತ್ತಿರವೇ ಇದೆ ಎಂದೆ. ಆ ದನಿ, “ಒಂದ್ಸಲ ಯೋಚ್ನೆ ಮಾಡಿ ಸಾರ್” ಎಂದಿತು. ಯೋಚನೆ ಮಾಡಬೇಕಂತೆ. ಯಾರಿಗೆ ಹೇಳುತ್ತಿದ್ದಾನೆ ಇವನು? ಇವನು ಹುಟ್ಟುವ ಮೊದಲಿನಿಂದ ನಾನು ಸಂಭವನೀಯತೆಯ ಪಾಠ ಹೇಳುತ್ತಿದ್ದೇನೆ. ಮೂರು ಸಲ ಫೋನು ಮಾಡಿದರೂ ಅದೇ ಪ್ರಶ್ನೆ, ಅದೇ ಸಲಹೆ. ಕೊನೆಗೆ ದೋಷ ಸರ್ವರಿನದಿರಬಹುದು ಎಂದರು. ಸರ್ವರಿನವರನ್ನು ಕೇಳಿದರೆ ಸ್ಟೋರೇಜಿನದು ಎಂದರು. ಕೇಬಲ್ಲು ಕೊಟ್ಟವನನ್ನು ಕೇಳಿದರೆ, ನಮ್ಮ ಮಾಲು ಕೆಡುವುದೇ ಇಲ್ಲ, ನಿಮ್ಮ ಊರಿನ ಕರೆಂಟು ಸರಿಯಿಲ್ಲ ಎಂದ. ವಾಲ್ಯೂಮಿಗಾದರೂ ಇಬ್ಬರು ಮಾಲೀಕರು ಸಿಗುತ್ತಾರೆ. ಈ ದೇಶದಲ್ಲಿ ದೋಷಕ್ಕೆ ಒಬ್ಬನೂ ಸಿಗುವುದಿಲ್ಲ. ಹಟ ಹಿಡಿದು ಹೊಸ ಕೇಬಲ್ಲು ತರಿಸಿ ಹಾಕಿದೆ. ಮರುದಿನ ಮತ್ತೆ ಹಳದಿ.

ಆಗ ನಾನೇ ಶಾಸ್ತ್ರೀಯವಾಗಿ ತನಿಖೆಗೆ ಇಳಿದೆ. ಭಾನುವಾರ ಮಾಲೀಕ ಬದಲಾಗುವುದಿಲ್ಲ ಎಂಬುದು ಮೊದಲು ಕಣ್ಣಿಗೆ ಬಿತ್ತು. ಹಾಗಾದರೆ ಇದು ಇಲಿಯ ಕೆಲಸವಲ್ಲ. ಇಲಿಗೆ ಭಾನುವಾರ ರಜೆ ಇರುವುದಿಲ್ಲ. ಮನುಷ್ಯನದೇ, ಅದೂ ಕೆಲಸದ ದಿನ ಬರುವವನದು. ಆಮೇಲೆ ರಾಮದುರ್ಗದಲ್ಲಿ ಸೋದರತ್ತೆಯ ಮೊಮ್ಮಗಳ ಮದುವೆಗೆಂದು ಎರಡು ದಿನ ರಜೆ ಹಾಕಿ ಹೋದೆ. ಆ ಎರಡು ದಿನವೂ ಒಂದೂ ಸಂದೇಶವಿಲ್ಲ. ಊಟದ ಪಂಕ್ತಿಯಲ್ಲಿ ಕೂತಾಗಲೂ ಮೊಬೈಲು ನೋಡುತ್ತಿದ್ದೆ, ಶಾಂತವಾಗಿತ್ತು. ತಿರುಗಿ ಬಂದ ದಿನ ಮತ್ತೆ ಸುರುವಾಯಿತು. ಇದರಿಂದ ಯಾವ ತೀರ್ಮಾನಕ್ಕೆ ಬರಬೇಕೋ ಆ ತೀರ್ಮಾನಕ್ಕೆ ಬಂದೆ: ಯಾರೋ ಬೇಕೆಂದೇ ನನ್ನನ್ನು ಕಾಡಿಸುತ್ತಿದ್ದಾರೆ. ನಾನು ಊರಲ್ಲಿ ಇಲ್ಲದಾಗ ಕಾಡಿಸಿ ಪ್ರಯೋಜನವಿಲ್ಲವಲ್ಲ, ಅದಕ್ಕೇ ಸುಮ್ಮನಿದ್ದಾರೆ. ಕೀಲಿಕೈ ಒಂದೇ ಇರುವಾಗ ಅವರು ಒಳಗೆ ಹೋಗುವುದು ಹೇಗೆ ಎಂಬ ಸಣ್ಣ ತೊಡಕು ಉಳಿಯಿತು. ದೊಡ್ಡ ಸಿದ್ಧಾಂತಗಳಲ್ಲಿ ಇಂಥವು ಉಳಿಯುತ್ತವೆ.

ಊಟಕ್ಕೆ ಕುಳಿತು ಇದನ್ನೆಲ್ಲ ಸುವರ್ಣಾಳಿಗೆ ವಿವರಿಸಿದೆ. “ನಿಮಗ ಕಾಡಸಾಕ ಬ್ಯಾರೇದವರು ಯಾಕ ಬೇಕ್ರೀ” ಎಂದು ತಾಟಿಗೆ ಮೊಸರು ಹಾಕಿದಳು. ಆ ಕಷ್ಟದ ದಿನಗಳಲ್ಲಿ ನನಗಿದ್ದ ಒಂದೇ ಸಮಾಧಾನ ಆ ಮೊಸರು. ಪುಷ್ಯಮಾಸದ ಚಳಿಯಲ್ಲೂ ಕೊಯ್ದು ಹೋಳು ಮಾಡುವಷ್ಟು ಗಟ್ಟಿ.

ಪ್ರಿನ್ಸಿಪಾಲರು ಒಂದು ದಿನ ಕರೆಸಿದರು. ಬೈದಿದ್ದರೆ ಬೇಜಾರಿರಲಿಲ್ಲ. ಅವರು ಕುರ್ಚಿ ತೋರಿಸಿ, ಚಹಾ ತರಿಸಿ, ಆಸ್ಪತ್ರೆಯಲ್ಲಿ ರೋಗಿಯ ಕೂಡ ಮಾತಾಡುವ ದನಿಯಲ್ಲಿ ಹೇಳಿದರು: “ಕೂಡ್ರಿ. ನಿಮಗ ಒಬ್ಬರಿಗೇ ಭಾಳ ಭಾರ ಆಗೇತಿ. ಮೊದಲಿನಂಗ ನೆನಪು ಇರೂದಿಲ್ಲರಿ, ಯಾರಿಗಾದ್ರೂ ಅಷ್ಟ. ಈ ಶನಿವಾರದೊಳಗ ಸರಿ ಆದ್ರ ಆತು, ಇಲ್ಲಂದ್ರ ಕೀಲಿಕೈ ಆಫೀಸಿನ್ಯಾಗ ಕೊಟ್ಟಬಿಡ್ರಿ. ಬೆಳಗಾವಿಯವರು ಯಾರರೆ ಬಂದು ನೋಡ್ಕೊಂಡು ಹೋಗ್ತಾರ.”

“ಸರ, ನಾ ಏನೂ ಮರತಿಲ್ಲರಿ” ಎಂದೆ.

“ಹೌದ್ಹೌದು” ಎಂದರು. ಆ ‘ಹೌದ್ಹೌದು’ ಇದೆಯಲ್ಲ, ಅದಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಹೊರಗೆ ಬಂದು ಕಿಸೆ ಮುಟ್ಟಿಕೊಂಡೆ. ಈ ಕೀಲಿಕೈ ಹೋದರೆ, ಮರೆವಿನ ಮನುಷ್ಯ ಎಂದು ನನ್ನ ಮೇಲೆ ಠಸ್ಸೆ ಬಿದ್ದ ಹಾಗೆ. ಆಮೇಲೆ ಕಿತ್ತೂರಿನ ಚಪ್ಪಲಿಯ ವಾದವೂ ಶಾಶ್ವತವಾಗಿ ಸೋತ ಹಾಗೆ.

ನನ್ನ ನಿರಪರಾಧಿತ್ವಕ್ಕೆ ಒಬ್ಬ ಸಾಕ್ಷಿ ಬೇಕಿತ್ತು. ನನ್ನ ಪರ ಸುಳ್ಳು ಹೇಳಲಾರದವನೇ ಒಳ್ಳೆಯ ಸಾಕ್ಷಿ ಎಂದು ಯೋಚಿಸಿ ನದಾಫ ಸರ ಅವರನ್ನೇ ಆರಿಸಿದೆ. ಶುಕ್ರವಾರ ಬೆಳಿಗ್ಗೆ ಅವರನ್ನು ತಂಪು ಕೋಣೆಗೆ ಕರೆದುಕೊಂಡು ಹೋಗಿ, ಮೂಲೆಯಲ್ಲಿ ಕುರ್ಚಿ ಹಾಕಿ, “ಇವತ್ತ ಕಾಲೇಜ್ ಬಿಡೂತನಕ ಇಲ್ಲೇ ಕುಂತು ನೋಡ್ರಿ. ಯಾರ್ ಬರತಾರ, ಏನ್ ಮಾಡತಾರ ನಿಮ್ಮ ಕಣ್ಣೀಲೆ ನೋಡ್ರಿ” ಎಂದೆ. ಅವರು ಮಫ್ಲರನ್ನು ಕಿವಿಗೆ ಸುತ್ತಿಕೊಂಡು, “ನ್ಯುಮೋನಿಯಾ ಆದ್ರ ರಜಾ ನಿಮ್ಮ ಖಾತೆದಾಗಿಂದ” ಎಂದು ಕೂತರು. ನಾನು ಎಂದಿನಂತೆ ಆಜ್ಞೆ ಕೊಟ್ಟೆ. ದೀಪ ಹಸಿರಾಯಿತು. ಎಂದಿನಂತೆ ಕಪಾಟಿನ ಸುತ್ತ ಒಂದು ಸುತ್ತು ಹಾಕಿ, ಬಾಗಿಲ ಕಡೆ ಹೊರಟು, “ನೋಡಿದ್ರೆಲ್ಲ? ಏನರೆ ತಪ್ಪ ಮಾಡಿದ್ನೇನ್ರಿ?” ಎಂದೆ.

ಮಾತು ಮುಗಿಯುವುದರೊಳಗೆ ಮೊಬೈಲು ಗುಂಯ್ ಎಂದಿತು. ತಿರುಗಿ ನೋಡಿದರೆ ದೀಪ ಹಳದಿ.

ನದಾಫ ಸರ ಎದ್ದೇಳಲೂ ಇಲ್ಲ. “ಸರ, ನೀವು ಒಳಗ ಬರೂವಾಗ ಕೈಯಾಗ ಒಂದು ಡಬ್ಬಿ ಇತ್ತಲ್ಲರಿ, ಅದು ಎಲ್ಲಿ ಹೋತು?”

“ಯಾವ ಡಬ್ಬಿ?” ಎಂದೆ. ದೇವರಾಣೆ, ನಿಜವಾಗಿಯೂ ಹಾಗೆಯೇ ಕೇಳಿದೆ.

ಅವರು ನನ್ನನ್ನು ಕಪಾಟಿನ ಹಿಂದಕ್ಕೆ ಕರೆದುಕೊಂಡು ಹೋದರು. ಅಲ್ಲಿ, ಯಂತ್ರ ತನ್ನ ಬಿಸಿಯುಸಿರು ಬಿಡುವ ಕಡೆ, ಒಂದು ತಗಡಿನ ಅಂಚಿನ ಮೇಲೆ, ಮೊದಲನೆಯ ಕಂಟ್ರೋಲರಿನ ಕೇಬಲ್ಲಿಗೆ ಹೆಗಲು ಕೊಟ್ಟು ನಮ್ಮ ಮನೆಯ ಸ್ಟೀಲ್ ಡಬ್ಬಿ ಕೂತಿತ್ತು. ಮುಚ್ಚಳದ ಮೇಲೆ ಸುವರ್ಣಾ ಎಂದು ಹೆಸರು ಕೆತ್ತಿಸಿದ ಡಬ್ಬಿ. ಒಳಗೆ ಹೆಪ್ಪು ಹಾಕಿದ ಹಾಲು.

ನಾನು ಮರೆತಿದ್ದೆ ಎನ್ನುವುದು ಸರಿಯಲ್ಲ. ಮರೆಯಬೇಕಾದರೆ ಮೊದಲು ಗಮನಿಸಿರಬೇಕು. ಚಳಿ ಸುರುವಾದಾಗ ಮನೆಯಲ್ಲಿ ಮೊಸರು ಹೆಪ್ಪಾಗದೆ ಸುವರ್ಣಾ ಡಬ್ಬಿಯನ್ನು ಕೌದಿಯಲ್ಲಿ ಸುತ್ತಿದ್ದಳು, ಜೋಳದ ಚೀಲದಲ್ಲಿ ಹೂತಿದ್ದಳು. ನಾನು ದೊಡ್ಡಸ್ತಿಕೆಯಲ್ಲಿ, ನನ್ನ ಕೋಣೆಯಲ್ಲಿ ಯಂತ್ರದ ಹಿಂದೆ ನಿಂತರೆ ಒಲೆ ಮುಂದೆ ಕೂತ ಹಾಗಾಗುತ್ತದೆ ಎಂದಿದ್ದೆ. ಮರುದಿನವೇ ನನ್ನ ಕಾಲೇಜಿನ ಚೀಲದಲ್ಲಿ ಡಬ್ಬಿ ಬಂದಿತು. ಅಂದಿನಿಂದ ಬೆಳಿಗ್ಗೆ ಇಡುತ್ತೇನೆ, ಸಂಜೆ ಒಯ್ಯುತ್ತೇನೆ. ರ‍್ಯಾಕ್ ಯಾರಾದರೂ ಮುಟ್ಟಿದರೇ ಎಂದು ಆ ಹುಡುಗ ಕೇಳಿದಾಗ ಡಬ್ಬಿ ಇಡುವುದು ಮುಟ್ಟುವುದರಲ್ಲಿ ಬರುತ್ತದೆಂದು ಯಾವ ಬುದ್ಧಿವಂತನಿಗೆ ಹೊಳೆಯುತ್ತದೆ? ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಸದ್ಯಕ್ಕೆ ಕಂಪನಿಯ ಮೇಲೆ ಮಾಡಿಕೊಂಡೆ: ಮೊಸರಿನ ಡಬ್ಬಿ ತಾಕಿದರೆ ಸಡಿಲಾಗುವಂಥ ಕೇಬಲ್ಲನ್ನು ಮಾಡುವುದೆಂದರೇನು?

ಪ್ರಿನ್ಸಿಪಾಲರ ಮುಂದೆ ಏನು ಹೇಳುವುದೆಂದು ನಾನು ಬೆವರುತ್ತಿದ್ದಾಗ ನದಾಫ ಸರ ತಾವೇ ಮುಂದಾದರು. “ಹಿಂದ ಒಂದು ವಸ್ತು ಕೇಬಲ್ಲಿಗೆ ತಾಕತಿತ್ತರಿ ಸರ, ತಗದೇವಿ.” ಯಾವ ವಸ್ತು ಎಂದು ಪ್ರಿನ್ಸಿಪಾಲರು ಕೇಳಲಿಲ್ಲ. ಕೀಲಿಕೈ ನನ್ನಲ್ಲೇ ಉಳಿಯಿತು. ಹೊರಗೆ ಬಂದ ಮೇಲೆ ನದಾಫ ಸರ ಮೆಲ್ಲಗೆ ಕೇಳಿದರು: “ಎಲ್ಲಾ ಎರಡೆರಡು ಇಟ್ಟೀರಿ. ಕೇಬಲ್ ಎರಡು, ಕಂಟ್ರೋಲರ್ ಎರಡು. ಕೀಲಿಕೈ ಒಂದ ಯಾಕ್ರಿ? ತಲಿ ಒಂದ ಯಾಕ್ರಿ?” ಇಷ್ಟು ವರ್ಷ ಈ ಯಂತ್ರ ಕಾಯ್ದ ನನಗೆ ಈ ಮಾತು ಹೊಳೆದಿರಲಿಲ್ಲ ಎಂಬುದಕ್ಕಿಂತ, ಅವರಿಗೆ ಹೊಳೆಯಿತಲ್ಲ ಎಂಬುದು ಹೆಚ್ಚು ಉರಿಯಿತು. ಅದೇ ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರ ಇನ್ನೊಂದು ಕೀಲಿಕೈ ಮಾಡಿಸಿ ಅವರ ಕೈಯಲ್ಲಿಟ್ಟೆ.

ದೀಪ ಹಸಿರಾಗಿಯೇ ಉಳಿಯಿತು. ನಾನು ಡಬ್ಬಿ ಒಯ್ಯುವುದನ್ನು ಬಿಟ್ಟದ್ದರಿಂದ ಮನೆಯಲ್ಲಿ ಎರಡು ದಿನ ಮೊಸರು ಮಜ್ಜಿಗೆಯ ತಮ್ಮನಂತಿತ್ತು. ಆಮೇಲೆ ಮೊದಲಿನ ಹಾಗೆ ಗಟ್ಟಿ. ಸಂಕ್ರಾಂತಿ ದಾಟಿದ ಮೇಲೆ ಸೂರ್ಯನ ಶಾಖ ಹೇಗೆ ಏರುತ್ತದೆ ಎಂದು ಸುವರ್ಣಾಳಿಗೆ ತಾಟಿನ ಮುಂದೆ ವಿವರಿಸಿದೆ. “ಹೌದ್ಹೌದು, ಬಿಸಲು ಜೋರಾಗೇತಿ” ಎಂದಳು. ಆ ‘ಹೌದ್ಹೌದು’ ಎಲ್ಲಿಯೋ ಕೇಳಿದ ಹಾಗಿತ್ತು, ಎಲ್ಲಿ ಎಂದು ನೆನಪಾಗಲಿಲ್ಲ.

ಮೊನ್ನೆ ಮೊದಲ ತಾಸಿಗೇ ಪಾಠವಿದ್ದುದರಿಂದ ಕೋಣೆಗೆ ತಡವಾಗಿ ಹೋದೆ. ನದಾಫ ಸರ ಆಗಲೇ ಒಳಗಿದ್ದರು. ಕಪಾಟಿನ ಹಿಂದೆ, ಕೇಬಲ್ಲುಗಳಿಂದ ದೂರಕ್ಕೆ, ಬಿಸಿಗಾಳಿ ಬಡಿಯುವಷ್ಟೇ ಎತ್ತರಕ್ಕೆ ಇಟ್ಟಂಗಿ ಜೋಡಿಸಿ, ಅದರ ಮೇಲೆ ಡಬ್ಬಿ. ಸುವರ್ಣಾ ಎಂದು ಹೆಸರು ಕೆತ್ತಿಸಿದ್ದು. ನದಾಫ ಸರ ಕೈ ಒರೆಸಿಕೊಳ್ಳುತ್ತ, “ವೈನಿಯವರು ಹೇಳ್ಯಾರ್ರಿ. ಬರೂವಾಗ ನಾ ಇಸ್ಕೊಂಡ ಬರತೇನಿ, ಸಂಜೀಕ ಕೊಟ್ಟ ಹೋಗತೇನಿ. ಸರ್‌ಗ ಹೇಳಬ್ಯಾಡ್ರಿ, ಸಿಟ್ಟಾಗತಾರ ಅಂದಿದ್ರು” ಎಂದರು. ಒಂದು ದಾರಿ ಕೆಟ್ಟಿತೆಂದು ತಿಳಿದ ಕೂಡಲೇ ಸುವರ್ಣಾ ಮೊಸರನ್ನು ಇನ್ನೊಂದು ದಾರಿಗೆ ಹಾಕಿದ್ದಳು. ಹಳದಿ ದೀಪವಿಲ್ಲ, ಸಂದೇಶವಿಲ್ಲ, ತಾಟಿನಲ್ಲಿ ನನಗೆ ಗೊತ್ತೂ ಆಗಲಿಲ್ಲ.

ಮನೆಗೆ ಹೋಗಿ ಖಾರವಾಗಿಯೇ ಕೇಳಿದೆ: ಈಗ ಇಟ್ಟಂಗಿ ಇದೆ, ಜಾಗ ಗೊತ್ತಾಗಿದೆ, ಡಬ್ಬಿಯನ್ನು ಇನ್ನು ಮೇಲೆ ನಾನೇ ಒಯ್ಯುತ್ತೇನೆ. ನಾನು ಮತ್ತೆ ಕೇಬಲ್ಲಿನ ಮೇಲೆಯೇ ಇಡುತ್ತೇನೆ ಎನ್ನುವುದಕ್ಕೆ ನಿನ್ನ ಹತ್ತಿರ ಪುರಾವೆ ಏನಿದೆ?

ಸುವರ್ಣಾ ರೊಟ್ಟಿ ತಿರುವಿ ಹಾಕಿ, “ಕಿತ್ತೂರು” ಎಂದಳು.